ದೋಷಾರೋಪಣೆಗೆ ಮುನ್ನ ದೋಷಶೋಧನೆ

ನಮ್ಮ ವಿದ್ಯಾಸಂಸ್ಥೆಯ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ, ಕನ್ನಡ ಪಂಡಿತನಾದ ನನ್ನಿಂದ ಅವರು ನಿರೀಕ್ಷಿಸಿದ್ದು ಹಳಗನ್ನಡ ಕಾವ್ಯವೊಂದರ ರಸವಿಮರ್ಶೆಯನ್ನೋ ವ್ಯಾಕರಣದ ಯಾವುದಾದರೊಂದು ಸೂಕ್ಷ್ಮ ವಿಚಾರವನ್ನೋ ಆಗಿದ್ದಿತು. ಆ ನಿರೀಕ್ಷೆಗೆ ಭಂಗ ತಂದು, ಗಣಕಯಂತ್ರವು ನಿದ್ರೆಯಿಂದ ಎದ್ದ ಮೇಲೂ ಅದಕ್ಕೆ ಜೋಡಿಸಿದ ಉಪಕರಣಗಳು ಏಳದೆ ಹೋಗುವ ಸಂಗತಿಯನ್ನು ಕುರಿತು ಬರೆಯಹೊರಟಿದ್ದೇನೆ. ಇದು ಪಂಡಿತನ ಅಧಿಕಾರಕ್ಕೆ ಒಳಪಟ್ಟ ವಿಷಯವಲ್ಲವೆಂದು ಹುಬ್ಬೇರಿಸುವ ವಾಚಕರಿಗೆ ನನ್ನ ಸಮಾಧಾನವಿಷ್ಟೆ: ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ, ಅದರ ಫಲವನ್ನು ನಿರಪರಾಧಿಯಾದ ಬಾಲಕನೊಬ್ಬನು ಉಂಡನು. ತಪ್ಪು ಮಾಡುವ ಅಧಿಕಾರ ನನಗಿದ್ದಿತೆಂದ ಮೇಲೆ ಅದನ್ನು ಒಪ್ಪಿಕೊಳ್ಳುವ ಅಧಿಕಾರವೂ ಇರಬೇಕಷ್ಟೆ.

2025ರ ಆಗಸ್ಟ್ ತಿಂಗಳಲ್ಲಿ ಇದೇ ಸಂಚಿಕೆಯ ಸಲುವಾಗಿ ಶಾಲೆಯ ಹಳೆಯ ಭಾವಚಿತ್ರಗಳನ್ನೂ ಪ್ರವೇಶ ಪುಸ್ತಕಗಳನ್ನೂ ಹಿಂದಿನ ವಾರ್ಷಿಕ ಸಂಚಿಕೆಗಳನ್ನೂ ಸ್ಕ್ಯಾನರಿನ ಮೂಲಕ ಗಣಕಯಂತ್ರದೊಳಕ್ಕೆ ಇಳಿಸುವ ಕಾರ್ಯ ನಡೆದಿದ್ದಿತು. ಕಾಗದಗಳು ಮುಟ್ಟಿದರೆ ಮುರಿಯುವಂತಿದ್ದುದರಿಂದ ಮೃದುವಾದ ಕೈಗಳು ಬೇಕಾಗಿದ್ದವು. ವಸತಿನಿಲಯದಲ್ಲಿದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗನು ಬಿಡುವಿನ ವೇಳೆಯಲ್ಲಿ ನನಗೆ ನೆರವಾಗುತ್ತಿದ್ದನು. ಒಂದು ದಿನ ಮಧ್ಯಾಹ್ನದ ಊಟಕ್ಕೆಂದು ನಾವಿಬ್ಬರೂ ಹೋದೆವು. ಅವನು ನನಗಿಂತ ಮೊದಲು ಹಿಂದಿರುಗಿ, ಕಪ್ಪಾಗಿದ್ದ ತೆರೆಯನ್ನು ಕೀಲಿಮಣೆಯ ಒಂದು ಗುಂಡಿಯೊತ್ತಿ ಬೆಳಗಿಸಿದನು. ಗಣಕವು ಎದ್ದಿತು, ಸ್ಕ್ಯಾನರ್ ಏಳಲಿಲ್ಲ. ಅದರ ಪುಟ್ಟ ದೀಪವೂ ಉರಿಯಲಿಲ್ಲ. ತಂತಿಯನ್ನು ಕಿತ್ತು ಸಿಕ್ಕಿಸಿದರೂ, ಗಣಕವನ್ನು ಮುಚ್ಚಿ ಮತ್ತೆ ತೆರೆದರೂ ಪ್ರಯೋಜನವಾಗಲಿಲ್ಲ.

ನಾನು ಬಂದು ನೋಡಿದೆ. ಬೆಳಗ್ಗೆ ನೆಟ್ಟಗಿದ್ದ ಯಂತ್ರ ಈಗ ನಿರ್ಜೀವ. ನಡುವೆ ಅದನ್ನು ಮುಟ್ಟಿದವನು ಹುಡುಗನೊಬ್ಬನೇ. ನಾಲ್ಕು ಜನ ಅಧ್ಯಾಪಕರ ಸಮಕ್ಷಮದಲ್ಲಿ, “ದಾನಿಗಳು ಕೊಟ್ಟ ವಸ್ತು, ನಿನ್ನ ಕೈಗೆ ಸಿಕ್ಕು ಹಾಳಾಯಿತು” ಎಂದುಬಿಟ್ಟೆ. ಅವನು ಏನನ್ನೋ ಹೇಳಲು ಬಾಯಿ ತೆರೆದನು, ನಾನು ಹೇಳಗೊಡಲಿಲ್ಲ. ಮರುದಿನದಿಂದ ಅವನು ಆ ಕೊಠಡಿಯ ಕಡೆಗೆ ಸುಳಿಯಲಿಲ್ಲ. ಪಟ್ಟಣದಿಂದ ಬಂದ ದುರಸ್ತಿಗಾರರು ಸ್ಕ್ಯಾನರನ್ನು ಅತ್ತಿತ್ತ ತಿರುವಿ ನೋಡಿ, ಒಳಗಣ ಫಲಕ ಸುಟ್ಟಿರಬೇಕು, ಹೊಸತನ್ನು ಕೊಳ್ಳುವುದೇ ಲೇಸು ಎಂದು ತೀರ್ಪಿತ್ತರು. ಹಳೆಯ ವಿದ್ಯಾರ್ಥಿಯೊಬ್ಬರು ಉದಾರಬುದ್ಧಿಯಿಂದ ಹಣ ಕಳುಹಿಸಲು ಸಿದ್ಧರಾದರು.

ಐದನೆಯ ದಿನ ಬೆಳಗ್ಗೆ ಗಣಕವು ತನ್ನ ತಂತ್ರಾಂಶವನ್ನು ನವೀಕರಿಸಿಕೊಂಡು ತಾನಾಗಿಯೇ ಪುನರಾರಂಭಗೊಂಡಿತು. ಸುಟ್ಟಿದೆಯೆಂದು ನಾವು ಸಂಸ್ಕಾರಕ್ಕೆ ಸಿದ್ಧಪಡಿಸಿದ್ದ ಸ್ಕ್ಯಾನರಿನ ದೀಪ ಏನೂ ಆಗದಿದ್ದಂತೆ ಬೆಳಗಿತು. ನಾನು ಸಂತೋಷಗೊಂಡು ಮಧ್ಯಾಹ್ನದವರೆಗೆ ಒಬ್ಬನೇ ಕುಳಿತು ಕೆಲಸ ಮಾಡಿದೆ. ಕೊಠಡಿಗೆ ಬೀಗ ಹಾಕಿ ಊಟಕ್ಕೆ ಹೋಗಿ ಬಂದು ಗುಂಡಿಯೊತ್ತಿದೆ. ಗಣಕ ಎದ್ದಿತು, ಸ್ಕ್ಯಾನರ್ ಏಳಲಿಲ್ಲ. ಆ ದಿನ ಅದನ್ನು ಮುಟ್ಟಿದವನು ನಾನೊಬ್ಬನೇ. ಬಾಲಕನಿಗೆ ಹಚ್ಚಿದ ನ್ಯಾಯವನ್ನು ನನಗೂ ಹಚ್ಚಿಕೊಳ್ಳುವುದಾದರೆ ಅಪರಾಧಿ ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನನ್ನು ಕರೆಯಿಸಿ ನಡೆದುದನ್ನು ಹೇಳಿದೆ. ಅವನು ತಲೆ ತಗ್ಗಿಸಿಕೊಂಡು, “ಅವತ್ತೂ ಊಟ ಮಾಡಿ ಬಂದ ಮೇಲೇ ಆದದ್ದು ಗುರುಗಳೆ, ಅದನ್ನೇ ಹೇಳಬೇಕಂತಿದ್ದೆ” ಎಂದನು. ಐದು ದಿನಗಳ ಹಿಂದೆ ನಾನು ಕೇಳಿಸಿಕೊಳ್ಳದೆ ಹೋದ ವಾಕ್ಯ ಅದು. ರೋಗದ ಮೂಲವನ್ನು ಅವನು ಅಂದೇ ಕಂಡಿದ್ದನು. ನಾನು ಕಂಡದ್ದು ಅವನ ಕೈಯನ್ನು ಮಾತ್ರ.

ಕಾಗೆಯು ಬಂದು ತಾಳೆಯ ಮರದ ಮೇಲೆ ಕುಳಿತ ಗಳಿಗೆಯಲ್ಲಿಯೇ ಹಣ್ಣೊಂದು ಕಳಚಿ ಬಿದ್ದರೆ, ಕಾಗೆಯೇ ಹಣ್ಣನ್ನು ಕೆಡವಿತೆಂದು ಲೋಕ ನಂಬುತ್ತದೆ. ಇದಕ್ಕೆ ಕಾಕತಾಳೀಯ ನ್ಯಾಯವೆಂದು ಹೆಸರು. ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಇದನ್ನು ವಿವರಿಸುತ್ತ ಬಂದವನು ನಾನು. ಒಂದಾದ ಮೇಲೆ ಮತ್ತೊಂದು ನಡೆಯಿತೆಂಬ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗದು ಎಂಬ ಪಾಠವನ್ನು ಹೇಳಿಕೊಡುವುದಕ್ಕೂ ಸ್ವಂತ ಕೋಪದ ಗಳಿಗೆಯಲ್ಲಿ ಅದನ್ನು ನೆನೆಯುವುದಕ್ಕೂ ಎಷ್ಟು ಅಂತರವಿದೆಯೆಂಬುದು ಆ ದಿನ ನನಗೆ ಮನದಟ್ಟಾಯಿತು.

ಹಾಗಾದರೆ ಕಾರಣವನ್ನು ನಿಶ್ಚಯಿಸುವ ಬಗೆ ಯಾವುದು? ವಿದ್ವತ್ ವ್ಯಾಸಂಗದಲ್ಲಿ ಅಲ್ಪಸ್ವಲ್ಪ ತರ್ಕವನ್ನು ಓದಿದವರೆಲ್ಲರೂ ಅನ್ವಯ-ವ್ಯತಿರೇಕಗಳನ್ನು ಬಲ್ಲರು. ಹೊಗೆಯಿದ್ದೆಡೆ ಬೆಂಕಿಯುಂಟು, ಅಡುಗೆಯ ಮನೆಯಲ್ಲಿರುವಂತೆ, ಇದು ಅನ್ವಯ. ಬೆಂಕಿಯಿಲ್ಲದೆಡೆ ಹೊಗೆಯೂ ಇಲ್ಲ, ಕೊಳದಲ್ಲಿರುವಂತೆ, ಇದು ವ್ಯತಿರೇಕ. ಒಂದು ವಸ್ತುವಿದ್ದಾಗ ದೋಷವು ಕಾಣಿಸಿಕೊಂಡು, ಅದೊಂದನ್ನು ಮಾತ್ರ ತೆಗೆದಾಗ ದೋಷವು ಮರೆಯಾದರೆ, ಮತ್ತು ಪುನಃ ಪುನಃ ಪರೀಕ್ಷಿಸಿದರೂ ಹಾಗೆಯೇ ಆದರೆ, ಆಗ ಆ ವಸ್ತುವಿನ ಮೇಲೆ ಬೆರಳಿಡಬಹುದು. “ಅದೊಂದನ್ನು ಮಾತ್ರ” ಎಂಬ ಮಾತನ್ನು ಮರೆಯಬಾರದು. ಒಮ್ಮೆಲೇ ನಾಲ್ಕನ್ನು ಬದಲಿಸಿದವನಿಗೆ ಯಂತ್ರ ಸರಿಹೋಗಬಹುದು, ಜ್ಞಾನವುಂಟಾಗದು.

ಹುಡುಗನೂ ಗಣಿತದ ಅಧ್ಯಾಪಕ ಮಿತ್ರರೊಬ್ಬರೂ ನಾನೂ ಕೂಡಿ ಎರಡು ದಿನ ಈ ಪರೀಕ್ಷೆಯನ್ನು ನಡೆಸಿದೆವು. ಗಣಕವನ್ನು ಮಲಗಗೊಡದೆ ಬೆಳಗಿನಿಂದ ಸಂಜೆಯವರೆಗೆ ಓಡಿಸಿದೆವು. ಸ್ಕ್ಯಾನರ್ ಒಮ್ಮೆಯೂ ಕೈಕೊಡಲಿಲ್ಲ. ಹತ್ತು ನಿಮಿಷ ಮಲಗಿಸಿ ಎಬ್ಬಿಸಿದೆವು, ಸ್ಕ್ಯಾನರ್ ಏಳಲಿಲ್ಲ. ಆಗ ಹುಡುಗನ ಕಣ್ಣು ಮೇಜಿನಡಿಯಲ್ಲಿದ್ದ ಒಂದು ಸಣ್ಣ ಪೆಟ್ಟಿಗೆಯ ಮೇಲೆ ಬಿದ್ದಿತು. ಗಣಕದ ಒಂದು ಯು.ಎಸ್.ಬಿ. ರಂಧ್ರವನ್ನು ನಾಲ್ಕಾಗಿ ಕವಲೊಡೆಸುವ ಅದಕ್ಕೆ ಹಬ್ ಎಂದು ಹೆಸರು. ಸ್ಕ್ಯಾನರನ್ನು ಅದರಿಂದ ಬಿಡಿಸಿ ಗಣಕದ ಬೆನ್ನಿಗೆ ನೇರವಾಗಿ ಸಿಕ್ಕಿಸಿ, ಮಲಗಿಸಿ ಎಬ್ಬಿಸಿದೆವು; ಎದ್ದಿತು. ಮೂರು ಸಲ ಮಾಡಿದೆವು, ಮೂರು ಸಲವೂ ಎದ್ದಿತು. ಅದೇ ಹಬ್ಬಿಗೆ ಬೇರೊಂದು ಮೌಸನ್ನು ಸಿಕ್ಕಿಸಿ ಮಲಗಿಸಿದೆವು. ಆ ಮೌಸೂ ಏಳಲಿಲ್ಲ. ಕೊನೆಯದಾಗಿ, ವಿದ್ಯುತ್ತಿನ ಉಳಿತಾಯಕ್ಕಾಗಿ ಆ ಹಬ್ಬನ್ನು ಆರಿಸಲು ಗಣಕಕ್ಕೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡು, ಸ್ಕ್ಯಾನರನ್ನು ಮತ್ತೆ ಹಬ್ಬಿಗೇ ಜೋಡಿಸಿ ಮಲಗಿಸಿದೆವು. ಈ ಸಲ ಎದ್ದಿತು. ದೋಷವು ಸ್ಕ್ಯಾನರಿನದಲ್ಲ, ಹುಡುಗನದಂತೂ ಅಲ್ಲವೇ ಅಲ್ಲ. ಮಲಗಿದ ಹಬ್ಬಿಗೂ ಅದನ್ನು ಎಬ್ಬಿಸಬೇಕಾದ ಗಣಕಕ್ಕೂ ನಡುವೆ ತಪ್ಪಿದ ಹೊಂದಾಣಿಕೆ ಅದು.

ವ್ಯಾಕರಣದ ದೃಷ್ಟಾಂತವನ್ನು ಕೊಡದೆ ಮುಂದುವರಿಯುವುದು ನನ್ನಂಥವನಿಗೆ ಕಷ್ಟ. ಬೆಟ್ಟ ಎಂಬ ಪದ ಶುದ್ಧವಾಗಿದೆ, ತಾವರೆ ಎಂಬ ಪದವೂ ಶುದ್ಧವಾಗಿದೆ. ಎರಡೂ ಕೂಡಿದಾಗ ಬೆಟ್ಟದಾವರೆ ಎಂದಾಗಿ ತಕಾರವು ದಕಾರವಾಗುತ್ತದೆ. ಈ ವಿಕಾರದ ಕಾರಣವನ್ನು ಬೆಟ್ಟದಲ್ಲಿಯೇ ಆಗಲಿ ತಾವರೆಯಲ್ಲಿಯೇ ಆಗಲಿ ಬಿಡಿಯಾಗಿ ಹುಡುಕಿದರೆ ಸಿಕ್ಕದು; ಅದಿರುವುದು ಸಂಧಿಸ್ಥಾನದಲ್ಲಿ. ನಿದ್ರೆಯಿಂದ ಎದ್ದ ಗಣಕದ ಉಪಕರಣದೋಷಗಳಲ್ಲಿ ಹೆಚ್ಚಿನವು ಇಂತಹ ಸಂಧಿದೋಷಗಳೇ. ಆದ್ದರಿಂದಲೇ ಬಿಡಿ ಉಪಕರಣವನ್ನು ಎಷ್ಟು ಬಿಚ್ಚಿ ನೋಡಿದರೂ ಅವು ಕಣ್ಣಿಗೆ ಬೀಳುವುದಿಲ್ಲ.

ನಿದ್ರೆಯೆಂದು ಸುಲಭವಾಗಿ ಹೇಳುತ್ತೇವೆ; ಆದರೆ ಯಂತ್ರದ ನಿದ್ರೆಯಲ್ಲಿಯೂ ಹಲವು ಬಗೆಗಳುಂಟು. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ 1996ರ ಡಿಸೆಂಬರಿನಲ್ಲಿ ಎ.ಸಿ.ಪಿ.ಐ. ಎಂಬ ನಿಯಮಸಂಹಿತೆಯನ್ನು ಹೊರತಂದವು. ಅದರ ಪ್ರಕಾರ ಎಸ್-0 ಎಂಬುದು ಗಣಕದ ಜಾಗೃತ ಸ್ಥಿತಿ. ಎಸ್-3ರಲ್ಲಿ ಸಂಸ್ಕಾರಕವೂ ಡಿಸ್ಕೂ ವಿರಮಿಸಿ, ಸ್ಮೃತಿಗೆ ಮಾತ್ರ ವಿದ್ಯುತ್ತು ಹರಿಯುತ್ತಿರುತ್ತದೆ. ಎಸ್-4ರಲ್ಲಿ ಸ್ಮೃತಿಯಲ್ಲಿದ್ದುದೆಲ್ಲವನ್ನೂ ಡಿಸ್ಕಿನ ಮೇಲೆ ಬರೆದಿಟ್ಟು ಯಂತ್ರವು ಆರುತ್ತದೆ. ಇದನ್ನು ಹೈಬರ್ನೇಟ್ ಎನ್ನುತ್ತಾರೆ. ಎಸ್-5 ಎಂಬುದು ಮುಚ್ಚಿದ ಸ್ಥಿತಿ. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಸ್-3 ಇಲ್ಲವೇ ಇಲ್ಲ. ತೆರೆ ಆರಿದ್ದರೂ ಅವು ಎಸ್-0ದಲ್ಲಿಯೇ ಅತ್ಯಲ್ಪ ವಿದ್ಯುತ್ತಿನಿಂದ ತೂಕಡಿಸುತ್ತಿರುತ್ತವೆ. ಇದಲ್ಲದೆ ಪ್ರತಿಯೊಂದು ಉಪಕರಣಕ್ಕೂ ಡಿ-0 ಮೊದಲ್ಗೊಂಡು ಡಿ-3ರವರೆಗೆ ತನ್ನದೇ ಆದ ಅವಸ್ಥೆಗಳಿವೆ. ಯಜಮಾನನು ಎದ್ದ ಮಾತ್ರಕ್ಕೆ ಮನೆಯವರೆಲ್ಲ ಎದ್ದಂತಾಗುವುದಿಲ್ಲ. ಒಬ್ಬೊಬ್ಬರನ್ನೂ ಕರೆದು ಎಬ್ಬಿಸಬೇಕು. ಕರೆಯುವ ಕೆಲಸ ಡ್ರೈವರ್ ಎಂಬ ತಂತ್ರಾಂಶದ್ದು.

1996ರ ಜನವರಿಯಲ್ಲಿ ಮೊದಲು ಪ್ರಕಟವಾದ ಯು.ಎಸ್.ಬಿ. ನಿಯಮಾವಳಿಯಲ್ಲಿ ಈ ಮಲಗುವ ಮತ್ತು ಏಳುವ ಕ್ರಮವನ್ನು ಬಹು ಸೂಕ್ಷ್ಮವಾಗಿ ವಿಧಿಸಲಾಗಿದೆ. ತಂತಿಯಲ್ಲಿ 3 ಮಿಲಿಸೆಕೆಂಡುಗಳಷ್ಟು ಕಾಲ ಯಾವ ಸಂಜ್ಞೆಯೂ ಬಾರದಿದ್ದರೆ ಉಪಕರಣವು ತಾನಾಗಿಯೇ ನಿದ್ರೆಗೆ ಇಳಿಯತಕ್ಕದ್ದು. ಎಬ್ಬಿಸುವಾಗ ಗಣಕವು ಕನಿಷ್ಠ ಪಕ್ಷ 20 ಮಿಲಿಸೆಕೆಂಡು ಎಚ್ಚರಿಕೆಯ ಸಂಜ್ಞೆಯನ್ನು ಕಳುಹಿಸತಕ್ಕದ್ದು. ಅನಂತರ ಚೇತರಿಸಿಕೊಳ್ಳಲು 10 ಮಿಲಿಸೆಕೆಂಡುಗಳ ಅವಕಾಶವುಂಟು. ನಿದ್ರೆಯ ನಡುವೆ ರಂಧ್ರದ 5 ವೋಲ್ಟಿನ ವಿದ್ಯುತ್ತು ಪೂರ್ತಿಯಾಗಿ ಕಡಿದುಹೋದರೆ, ಗಣಕವು ತನಗಿತ್ತಿದ್ದ ವಿಳಾಸವನ್ನು ಉಪಕರಣವು ಮರೆತುಬಿಡುತ್ತದೆ. ಪರಿಚಯವನ್ನು ಮೊದಲಿನಿಂದ ಮಾಡಿಸಬೇಕಾಗುತ್ತದೆ. ಉಪಕರಣವು ಏಳುವಲ್ಲಿ ತುಸು ತಡಮಾಡಿದರೆ, ಅಥವಾ ಡ್ರೈವರ್ ತಂತ್ರಾಂಶವು ಅದು ಇನ್ನೂ ಹಳೆಯ ಸ್ಥಿತಿಯಲ್ಲಿಯೇ ಇದೆಯೆಂದು ಭ್ರಮಿಸಿದರೆ, ಇಬ್ಬರೂ ಆರೋಗ್ಯವಾಗಿದ್ದೂ ಪರಸ್ಪರ ಗುರುತು ಹಿಡಿಯದೆ ಕುಳಿತುಬಿಡುತ್ತಾರೆ.

ವಿದ್ಯುತ್ತಿನ ಅಭಾವವೂ ಒಂದು ಕಾರಣವಾಗಬಹುದು. ಯು.ಎಸ್.ಬಿ. 2.0 ರಂಧ್ರವೊಂದು ಕೊಡಬೇಕಾದುದು 500 ಮಿಲಿಆಂಪಿಯರ್ ಮಾತ್ರ. ಸ್ವಂತ ವಿದ್ಯುತ್ ಅಡಾಪ್ಟರ್ ಇಲ್ಲದ ಹಬ್ ಇಷ್ಟನ್ನೇ ತನ್ನ ನಾಲ್ಕು ಮಕ್ಕಳಿಗೂ ಹಂಚಬೇಕು. ಗಣಕದ ತಂತಿಯಿಂದಲೇ ವಿದ್ಯುತ್ತನ್ನು ಪಡೆಯುವ ಸ್ಕ್ಯಾನರಿನಂತಹ ಉಪಕರಣಗಳನ್ನು ಅಂತಹ ಹಬ್ಬಿಗೆ ಜೋಡಿಸುವುದು ಮೂಲತಃ ಅವಿವೇಕ. ಅದನ್ನು ಜೋಡಿಸಿದವನು ನಾನೇ ಎಂಬುದನ್ನೂ ಇಲ್ಲಿ ಮರೆಮಾಚುವುದಿಲ್ಲ.

ಈಗ ಅಧ್ಯಾಪಕ ಮಿತ್ರರಿಗೆ ಉಪಯೋಗವಾಗುವಂತೆ ಶೋಧನೆಯ ಕ್ರಮವನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ. ಮೊದಲನೆಯದಾಗಿ, ಮಾಡಿದ ಕೆಲಸವನ್ನು ಉಳಿಸಿಕೊಂಡು, ಏಳದಿರುವುದು ಒಂದು ಉಪಕರಣವೋ ಹಲವೋ ಎಂಬುದನ್ನು ಗಮನಿಸಬೇಕು. ಒಂದೇ ಆದರೆ ಆ ಉಪಕರಣವನ್ನೂ ಅದರ ಡ್ರೈವರನ್ನೂ ಶಂಕಿಸಬೇಕು; ಹಲವಾದರೆ ಅವೆಲ್ಲಕ್ಕೂ ಸಮಾನವಾದ ಹಬ್ಬನ್ನೋ ಗಣಕದ ಯು.ಎಸ್.ಬಿ. ನಿಯಂತ್ರಕವನ್ನೋ ಶಂಕಿಸಬೇಕು. ಅರ್ಧ ನಿಮಿಷ ಕಾಯುವ ತಾಳ್ಮೆಯೂ ಬೇಕು. ಬ್ಲೂಟೂತ್ ಮೌಸು, ಕೀಲಿಮಣೆಗಳು ಮತ್ತೆ ನಂಟು ಬೆಸೆದುಕೊಳ್ಳಲು ಕೆಲವು ಕ್ಷಣ ತೆಗೆದುಕೊಳ್ಳುತ್ತವೆ. ಮುದ್ರಣಯಂತ್ರಗಳಿಗಂತೂ ಗಣಕದ ನಿದ್ರೆಯಲ್ಲದೆ ತಮ್ಮದೇ ಆದ ನಿದ್ರೆಯೊಂದಿರುತ್ತದೆ.

ಎರಡನೆಯದಾಗಿ, ಉಪಕರಣವನ್ನು ಹಬ್ಬಿನಿಂದಲೂ ಉದ್ದನೆಯ ವಿಸ್ತರಣ ತಂತಿಯಿಂದಲೂ ಬಿಡಿಸಿ ಗಣಕದ ಹಿಂಬದಿಯ ರಂಧ್ರಕ್ಕೆ ನೇರವಾಗಿ ಸಿಕ್ಕಿಸಬೇಕು. ಮೂರನೆಯದಾಗಿ, ಗಣಕವನ್ನು ಪುನರಾರಂಭಗೊಳಿಸಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ವಿಂಡೋಸ್ ವ್ಯವಸ್ಥೆಯಲ್ಲಿ, 2012ರಲ್ಲಿ ಬಂದ ಎಂಟನೆಯ ಆವೃತ್ತಿಯಿಂದ ಮೊದಲ್ಗೊಂಡು, ಶೀಘ್ರಾರಂಭವೆಂಬ ಸೌಕರ್ಯವುಂಟು. ಅದು ಚಾಲನೆಯಲ್ಲಿರುವಾಗ ಶಟ್‌ಡೌನ್ ಎಂದು ಮುಚ್ಚಿದರೂ ವ್ಯವಸ್ಥೆಯ ತಿರುಳೂ ಡ್ರೈವರುಗಳ ಸ್ಥಿತಿಯೂ ಡಿಸ್ಕಿನಲ್ಲಿ ಉಳಿದು, ಮರಳಿ ತೆರೆದಾಗ ಹಾಗೆಯೇ ಹಿಂದಿರುಗುತ್ತವೆ. ಅವುಗಳ ಜೊತೆಗೆ ಹಳೆಯ ಭ್ರಮೆಯೂ ಹಿಂದಿರುಗಬಹುದು. ರೀಸ್ಟಾರ್ಟ್ ಎಂದಾಗ ಮಾತ್ರ ಎಲ್ಲವೂ ಮೊದಲಿನಿಂದ ಆರಂಭವಾಗುತ್ತದೆ. ಹುಡುಗನು ಮುಚ್ಚಿ ತೆರೆದರೂ ಏಳದಿದ್ದ ಸ್ಕ್ಯಾನರ್ ಐದನೆಯ ದಿನದ ಪುನರಾರಂಭದಲ್ಲಿ ಎದ್ದುದರ ಗುಟ್ಟು ಇಲ್ಲಿದೆ. ಅಲ್ಲದೆ, ಅನೇಕ ಗಣಕಗಳಲ್ಲಿ ಯಂತ್ರವು ಮುಚ್ಚಿದ್ದಾಗಲೂ ಯು.ಎಸ್.ಬಿ. ರಂಧ್ರಗಳಿಗೆ ವಿದ್ಯುತ್ತು ಹರಿಯುತ್ತಿರುತ್ತದೆ. ಆದ್ದರಿಂದ ರೀಸ್ಟಾರ್ಟಿಗೂ ಜಗ್ಗದಿದ್ದರೆ ಗಣಕವನ್ನು ಮುಚ್ಚಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಬೇಕು.

ನಾಲ್ಕನೆಯದಾಗಿ, ವಿದ್ಯುನ್ನಿರ್ವಹಣೆಯ ಆಯ್ಕೆಗಳನ್ನು ಪರಿಶೀಲಿಸಬೇಕು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಯು.ಎಸ್.ಬಿ. ರೂಟ್ ಹಬ್ ಎಂಬುದನ್ನು ತೆರೆದರೆ, ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟದಲ್ಲಿ, ವಿದ್ಯುತ್ತನ್ನು ಉಳಿಸಲು ಈ ಉಪಕರಣವನ್ನು ಆರಿಸಲು ಗಣಕಕ್ಕೆ ಅನುಮತಿಯಿದೆ ಎಂಬರ್ಥದ ಸಾಲೊಂದು ಸಾಮಾನ್ಯವಾಗಿ ಇರುತ್ತದೆ. ಅದರ ಮುಂದಿನ ಗುರುತನ್ನು ತೆಗೆದು ಪರೀಕ್ಷಿಸಬೇಕು. ಪವರ್ ಆಪ್ಷನ್ಸ್ ಎಂಬಲ್ಲಿ ಯು.ಎಸ್.ಬಿ. ಸೆಲೆಕ್ಟಿವ್ ಸಸ್ಪೆಂಡ್ ಎಂಬ ಇನ್ನೊಂದು ಆಯ್ಕೆಯಿದೆ; ಬಳಸದ ಉಪಕರಣವನ್ನು ಗಣಕವು ಎಚ್ಚರವಾಗಿರುವಾಗಲೇ ಮಲಗಿಸುವುದು ಅದರ ಕೆಲಸ. ಬ್ಯಾಟರಿಯಿಂದ ನಡೆಯುವ ಲ್ಯಾಪ್‌ಟಾಪುಗಳಿಗೆ ಇದು ಉಪಕಾರಿ. ಗೋಡೆಯ ವಿದ್ಯುತ್ತಿನಿಂದ ನಡೆಯುವ ಪ್ರಯೋಗಾಲಯದ ಗಣಕಗಳಿಗೆ ಇದರಿಂದಾಗುವ ಉಳಿತಾಯ ಅತ್ಯಲ್ಪ. ಲಿನಕ್ಸ್ ಬಳಸುವ ಶಾಲೆಗಳಲ್ಲಿಯೂ ಪ್ರತಿಯೊಂದು ಯು.ಎಸ್.ಬಿ. ಉಪಕರಣಕ್ಕೆ ಇಂಥದೇ ಆಯ್ಕೆಯಿದೆ.

ಐದನೆಯದಾಗಿ, ಉಪಕರಣದ ಡ್ರೈವರನ್ನು ತಯಾರಕರಿಂದಲೇ ಪಡೆದು ನವೀಕರಿಸಬೇಕು. ಗಣಕದ ಮೂಲ ತಂತ್ರಾಂಶವಾದ ಬಯೋಸಿನ ನವೀಕರಣವನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಬೇಕು. ಆ ಕೆಲಸದ ನಡುವೆ ವಿದ್ಯುತ್ತು ಹೋದರೆ ಗಣಕವು ನಿದ್ರೆಯಿಂದಲ್ಲ, ಮೂರ್ಛೆಯಿಂದಲೇ ಏಳದೆ ಹೋದೀತು. ಆರನೆಯದಾಗಿ, ಉಪಕರಣವನ್ನು ಬೇರೊಂದು ಗಣಕಕ್ಕೆ ಜೋಡಿಸಿ ನೋಡಬೇಕು. ಮಲಗಿ ಏಳುವ ಪ್ರಸಂಗವೇ ಇಲ್ಲದೆ ಅಲ್ಲಿಯೂ ಅದು ನಡೆಯದಿದ್ದರೆ, ಆಗ, ಆಗ ಮಾತ್ರ, ಉಪಕರಣವು ಕೆಟ್ಟಿದೆಯೆಂದು ಹೇಳಲು ನಮಗೆ ಹಕ್ಕು ಬರುತ್ತದೆ. ಇವೆಲ್ಲದರ ಜೊತೆಗೆ ಒಂದು ಎಚ್ಚರಿಕೆಯನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು: ಪೆನ್‌ಡ್ರೈವಿನಲ್ಲಿ ಬರೆಹವನ್ನು ತೆರೆದಿಟ್ಟು ಗಣಕವನ್ನು ಮಲಗಿಸಬಾರದು. ನಡುವೆ ಅದಕ್ಕೆ ವಿದ್ಯುತ್ತು ಕಡಿದರೆ ಬರೆಹವೇ ಕೆಡುವ ಅಪಾಯವುಂಟು.

ಇಷ್ಟನ್ನು ಓದಿದ ಕೆಲವರು, ಇದೆಲ್ಲ ಏತಕ್ಕೆ, ಗಣಕವು ಮಲಗದಂತೆ ಮಾಡಿಬಿಟ್ಟರೆ ಸಾಲದೆ ಎಂದು ಕೇಳಿಯಾರು. ಪರೀಕ್ಷೆಯ ದಿನಗಳಲ್ಲಿ ಹಾಗೆ ಮಾಡುವುದು ಉಚಿತವೆಂದು ನಾನೂ ಒಪ್ಪುತ್ತೇನೆ. ವಿದ್ಯುತ್ತು ಆಗಾಗ ಕೈಕೊಡುವ ನಮ್ಮ ಕಡೆಯಲ್ಲಿ, ಯು.ಪಿ.ಎಸ್. ಇಲ್ಲದೆ ಎಸ್-3 ನಿದ್ರೆಗೆ ಬಿಟ್ಟ ಗಣಕದ ಸ್ಮೃತಿಯಲ್ಲಿದ್ದ, ಉಳಿಸದ ಕೆಲಸವೆಲ್ಲ ಒಂದು ಕ್ಷಣದಲ್ಲಿ ಅಳಿಯುತ್ತದೆಂಬುದೂ ಸತ್ಯ. ಆದರೆ ಇಡೀ ಪ್ರಯೋಗಾಲಯವು ಬಳಸುವವರಿಲ್ಲದೆ ದಿನವಿಡೀ ಎಚ್ಚರವಾಗಿ ಉರಿಯುತ್ತಿರಲೆಂಬುದು ಮಿತವ್ಯಯವನ್ನು ಬೋಧಿಸುವ ಶಾಲೆಗೆ ಒಪ್ಪುವ ಮಾತಲ್ಲ. ತಲೆನೋವು ಬಂದೀತೆಂದು ನಿದ್ರೆಯನ್ನೇ ಬಿಟ್ಟವನನ್ನು ಯಾರೂ ಜಾಣನೆನ್ನರು.

ಮತ್ತೆ ಕೆಲವರು, ರೀಸ್ಟಾರ್ಟ್ ಮಾಡಿದರೆ ಸರಿಹೋಗುವುದೆಂದ ಮೇಲೆ ಕಾರಣವನ್ನು ಹುಡುಕುವ ಶ್ರಮವೇಕೆ ಎಂದಾರು. ಈ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ರೀಸ್ಟಾರ್ಟ್ ಮಾಡಿದ್ದರೆ ಅಂದೇ ಸ್ಕ್ಯಾನರ್ ನಡೆಯುತ್ತಿದ್ದಿತು, ನಿಜ. ಆದರೆ ಹುಡುಗನ ಮೇಲಿನ ಆರೋಪ ಅಳಿಯುತ್ತಿರಲಿಲ್ಲ. “ಇವನು ಏನೋ ಮಾಡಿದ್ದ, ಹೇಗೋ ಸರಿಹೋಯಿತು” ಎಂದಷ್ಟೇ ನಾವು ಹೇಳಿಕೊಳ್ಳುತ್ತಿದ್ದೆವು. ಮುಂದಿನ ಸಲ ದೋಷ ಮರುಕಳಿಸಿದಾಗ ಅವನ ಹೆಸರೇ ಮೊದಲು ನಾಲಗೆಗೆ ಬರುತ್ತಿದ್ದಿತು. ಪರಿಹಾರವು ಕೆಲಸವನ್ನು ಮುಂದುವರಿಸಬಲ್ಲುದು. ನಿರ್ದೋಷಿಯನ್ನು ಬಿಡಿಸಲು ಕಾರಣವೇ ಗೊತ್ತಾಗಬೇಕು. ಕಾರ್ಖಾನೆಗೂ ಶಾಲೆಗೂ ಇರುವ ವ್ಯತ್ಯಾಸ ಇದೇ ಎಂದು ನನ್ನ ಮತ. ಅಲ್ಲಿ ಯಂತ್ರ ನಡೆದರೆ ಸಾಕು. ಇಲ್ಲಿ ಅದು ಏಕೆ ನಿಂತಿತೆಂಬುದು ಮಕ್ಕಳಿಗೆ ತಿಳಿಯಬೇಕು, ಏಕೆಂದರೆ ನಿಂತ ಯಂತ್ರಕ್ಕಾಗಿ ನಾವು ಅವರ ಮುಖವನ್ನೇ ನೋಡುತ್ತೇವೆ.

ವಸತಿನಿಲಯದ ಮಕ್ಕಳಲ್ಲಿ ಬಹುಮಂದಿ ಮನೆಯಲ್ಲಿ ಗಣಕವನ್ನು ಕಾಣದವರು. ಮೊದಲ ಸಲ ಮುಟ್ಟುವಾಗಲೇ ಅವರ ಕೈಯಲ್ಲಿ ಅಂಜಿಕೆಯಿರುತ್ತದೆ. ತಾನು ಮುಟ್ಟಿದ್ದರಿಂದ ಹಾಳಾಯಿತೆಂಬ ಮಾತನ್ನು ಅಂತಹ ಮಗು ಒಮ್ಮೆ ಕೇಳಿದರೆ ಆ ಕೈ ಮತ್ತೆ ಮುಂದಕ್ಕೆ ಬರುವುದು ದುಸ್ತರ. ಸ್ಕ್ಯಾನರಿಗೆ ಬದಲಿ ಸ್ಕ್ಯಾನರನ್ನು ತರಬಹುದು, ಹಿಂತೆಗೆದ ಕೈಯನ್ನು ಯಾವ ದಾನಿಯೂ ಕೊಂಡುತರಲಾರನು.

ಆದುದರಿಂದ ಸಂಸ್ಥೆಯ ಹಿರಿಯರ ಮುಂದೆ ಎರಡು ಸೂಚನೆಗಳನ್ನಿಡುತ್ತೇನೆ. ಮೊದಲನೆಯದು, ಪ್ರಯೋಗಾಲಯದ ಬಾಗಿಲ ಬಳಿ ಒಂದು ದೋಷವಹಿಯನ್ನಿಡಬೇಕು. ದಿನಾಂಕ ಮತ್ತು ವೇಳೆ, ಯಾವ ಉಪಕರಣ, ಅದಕ್ಕೆ ಮುನ್ನ ಗಣಕವು ಯಾವ ಸ್ಥಿತಿಯಲ್ಲಿದ್ದಿತು, ಯಾವ ಒಂದನ್ನು ಬದಲಿಸಲಾಯಿತು, ಫಲವೇನು; ಇವಿಷ್ಟೇ ಅದರ ಅಂಕಣಗಳು. ಕೊನೆಯಲ್ಲಿ ಮುಟ್ಟಿದವರಾರು ಎಂಬ ಅಂಕಣ ಅದರಲ್ಲಿ ಬೇಡ. ವಹಿಯನ್ನು ಬರೆಯುವವರು ವಿದ್ಯಾರ್ಥಿಗಳೇ ಆಗಿರಲಿ. ಒಂದು ವರ್ಷ ತುಂಬುವಷ್ಟರಲ್ಲಿ ಊಟದ ಅನಂತರ ಏಳದ ಉಪಕರಣಗಳೆಷ್ಟು, ನಿಜವಾಗಿ ಕೆಟ್ಟವೆಷ್ಟು ಎಂಬುದು ಅವರ ಕೈಬರಹದಲ್ಲಿಯೇ ನಮಗೆ ತಿಳಿದೀತು.

ಎರಡನೆಯದು ದಾನಿಗಳಲ್ಲಿ ವಿನಂತಿ. ತಾವು ಕೊಟ್ಟ ಗಣಕಗಳಿಂದ ನಮ್ಮ ಮಕ್ಕಳಿಗೆ ಆಗಿರುವ ಉಪಕಾರವನ್ನು ಮಾತಿನಿಂದ ತೀರಿಸಲಾಗದು. ಆದರೆ ಹೊಸ ಯಂತ್ರದ ಮೇಲೆ ಹೆಸರು ಬರೆಯಿಸಿದಷ್ಟು ಸಂತೋಷದಿಂದ ಹಳೆಯ ಯಂತ್ರದ ಪಾಲನೆಗೂ ಒಂದು ಪಾಲನ್ನು ತೆಗೆದಿರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸ್ವಂತ ವಿದ್ಯುತ್ತುಳ್ಳ ಒಳ್ಳೆಯ ಹಬ್ಬು, ಗಟ್ಟಿಯಾದ ಗಿಡ್ಡ ತಂತಿಗಳು, ಒಂದು ಯು.ಪಿ.ಎಸ್., ವರ್ಷಕ್ಕೊಮ್ಮೆ ಬಂದು ಮಕ್ಕಳ ಎದುರಿನಲ್ಲಿಯೇ ದೋಷವನ್ನು ಶೋಧಿಸಿ ತೋರುವ ಹಳೆಯ ವಿದ್ಯಾರ್ಥಿಯೊಬ್ಬರ ಒಂದು ದಿನ. ಇವುಗಳಿಗೆ ಉದ್ಘಾಟನಾ ಸಮಾರಂಭ ನಡೆಯುವುದಿಲ್ಲ, ಫಲಕವನ್ನೂ ಹಾಕುವುದಿಲ್ಲ. ಆದರೂ ಹೊಸದೆಂದು ಕೊಳ್ಳಹೊರಟ ಎಷ್ಟೋ ವಸ್ತುಗಳು ಇವುಗಳಿಂದಾಗಿ ಅನಾವಶ್ಯಕವೆನಿಸುವುವು. ಸ್ಕ್ಯಾನರಿಗೆಂದು ಹಣ ಕೊಡಮುಂದಾಗಿದ್ದ ಮಹನೀಯರಿಗೆ ನಡೆದುದನ್ನು ತಿಳಿಸಿದಾಗ ಅವರು ನಕ್ಕು, ಆ ಹಣವನ್ನು ಈ ಬಗೆಯ ಪಾಲನೆಗೇ ವಿನಿಯೋಗಿಸಲು ಒಪ್ಪಿದರೆಂಬುದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ.

ಹುಡುಗನಲ್ಲಿ ನಾನು ಕ್ಷಮೆ ಕೇಳಿದ್ದು ಕೊಠಡಿಯ ಮರೆಯಲ್ಲಲ್ಲ. ಯಾರ ಎದುರಿನಲ್ಲಿ ನಿಂದಿಸಿದೆನೋ ಅದೇ ನಾಲ್ವರು ಅಧ್ಯಾಪಕರ ಎದುರಿನಲ್ಲಿ. ಅವನು ನಾಚಿಕೊಂಡು, ಇನ್ನೂ ಅರವತ್ತು ಪುಟಗಳು ಉಳಿದಿವೆಯೆಂದು ನೆನಪಿಸಿ ಕೆಲಸಕ್ಕೆ ಕುಳಿತನು. ಈ ಸಂಚಿಕೆಯಲ್ಲಿ ವಾಚಕರು ಕಾಣುವ ಹಳೆಯ ಭಾವಚಿತ್ರಗಳಲ್ಲಿ ಹೆಚ್ಚಿನವು ಅವನ ಕೈಯಿಂದಲೇ ಇಳಿದವು. ಆ ಹಬ್ಬು ಈಗ ನನ್ನ ಮೇಜಿನ ಮೇಲಿದೆ. ಯಾರ ಮೇಲಾದರೂ ತಪ್ಪು ಹೊರಿಸಬೇಕೆಂದು ಬಾಯಿ ತೆರೆಯುವ ಮೊದಲು ಅದನ್ನೊಮ್ಮೆ ನೋಡಿಕೊಳ್ಳುತ್ತೇನೆ. ಇತ್ಯಲಂ.